ಮಗುವಿನ ಕಣ್ಣು ನುಡಿಯುವ ಸಾಕ್ಷ್ಯ

ಮನುಷ್ಯನಿಗೆ ದಯಪಾಲಿಸಲಾದ ಅನುಗ್ರಹಗಳನ್ನು ನೆನಪಿಸುವಾಗ ಪವಿತ್ರ ಕುರ್‌ಆನ್ ಅವನ ಎರಡು ಕಣ್ಣುಗಳನ್ನು ಪ್ರಸ್ತಾಪಿಸುತ್ತದೆ. ಅಲ್‌ಬಲದ್ ಅಧ್ಯಾಯದಲ್ಲಿ ಕಣ್ಣುಗಳ ಬೆನ್ನಿಗೇ ನಾಲಿಗೆ ಮತ್ತು ತುಟಿಗಳ ಉಲ್ಲೇಖವಿದೆ. ಇನ್ನೊಂದೆಡೆ, ಅಂತಿಮ ದಿನದಂದು ಮನುಷ್ಯನ ಕಿವಿ, ಕಣ್ಣು ಮತ್ತು ಚರ್ಮಗಳು ಅವನ ಬಗ್ಗೆ ಸಾಕ್ಷ್ಯ ನುಡಿಯುವುವೆಂದು ಅದು ಎಚ್ಚರಿಸುತ್ತದೆ. ನೋಡುವುದಕ್ಕೆಂದು ನೀಡಲಾದ ಅಂಗವೇ ಸಾಕ್ಷಿಯಾಗಿ ನಿಲ್ಲುವ ಈ ವಿಚಾರವನ್ನು ನಾವು ಸಾಮಾನ್ಯವಾಗಿ ಪರಲೋಕಕ್ಕೆ ಸಂಬಂಧಿಸಿದ್ದೆಂದು ತಿಳಿದು ಮುಂದೆ ಸಾಗುತ್ತೇವೆ. ಆದರೆ ಇಹಲೋಕದಲ್ಲಿಯೂ ಕೆಲವು ಮಕ್ಕಳ ಕಣ್ಣುಗಳು, ಅವರ ನಾಲಿಗೆ ಹೇಳಲಾರದ ಸತ್ಯವೊಂದನ್ನು ನುಡಿಯುತ್ತವೆ. ಮೆದುಳಿನ ಆಳದಲ್ಲಿ ಅಡಗಿರುವ ವಂಶಪಾರಂಪರ್ಯ ಕಾಯಿಲೆಯೊಂದು ಎಷ್ಟೋ ವೇಳೆ ಮೊದಲು ಗೋಚರಿಸುವುದು ಕಣ್ಣಿನಲ್ಲಿ. ಆ ಸಾಕ್ಷ್ಯವನ್ನು ಆಲಿಸುವ ಮತ್ತು ಅದನ್ನು ಮುಚ್ಚಿಡದಿರುವ ಹೊಣೆ ಹೆತ್ತವರದ್ದು, ಕುಟುಂಬದ್ದು, ಸಮುದಾಯದ್ದು.

ಇದನ್ನು ಪುಸ್ತಕದಲ್ಲಿ ಓದಿ ಮಾತ್ರ ನಾವು ಬರೆಯುತ್ತಿಲ್ಲ. ನಮ್ಮ ಹನ್ನೊಂದು ವರ್ಷದ ಮಗಳಿಗೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ಕಾಯಿಲೆಯಿದೆ. ಉಚ್ಚರಿಸಲು ಕಷ್ಟವಾದ ಈ ಹೆಸರನ್ನು ವೈದ್ಯರು ಎ.ಟಿ. ಎಂದು ಚಿಕ್ಕದಾಗಿ ಕರೆಯುತ್ತಾರೆ. ಅಟಾಕ್ಸಿಯಾ ಎಂದರೆ ಚಲನೆಯ ಹತೋಟಿ ತಪ್ಪುವುದು, ಓಲಾಡುವುದು. ಟೆಲಾಂಜಿಯೆಕ್ಟೇಸಿಯಾ ಎಂದರೆ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಕಣ್ಣಿಗೆ ಕಾಣುವಂತಾಗುವುದು. ಈ ಎರಡು ಲಕ್ಷಣಗಳು ಸೇರಿಯೇ ಕಾಯಿಲೆಗೆ ಹೆಸರಾಗಿದೆ.

ಮಗಳು ನಡೆಯಲು ಕಲಿತದ್ದು ಸಕಾಲದಲ್ಲಿಯೇ. ಆದರೆ ಎಲ್ಲ ಮಕ್ಕಳಲ್ಲಿಯೂ ಆರಂಭದಲ್ಲಿ ಕಾಣುವ ಆ ಓಲಾಟ ಅವಳಲ್ಲಿ ನಿಲ್ಲಲಿಲ್ಲ. ಮೂರು ವರ್ಷ ತುಂಬಿದರೂ ಒಂದೆಡೆ ಸ್ಥಿರವಾಗಿ ನಿಲ್ಲುವುದಕ್ಕಿಂತ ಓಡುವುದೇ ಅವಳಿಗೆ ಸುಲಭವಾಗಿತ್ತು. ನಾವು ತೋರಿಸಿದ ಮೊದಲ ವೈದ್ಯರು ಇದನ್ನು ಹೆರಿಗೆಯ ಸಮಯದಲ್ಲಿ ಮೆದುಳಿಗಾದ ಪೆಟ್ಟಿನ ಫಲವೆಂದರು. ಆರನೆಯ ವರ್ಷದ ಹೊತ್ತಿಗೆ ಅವಳ ಕಣ್ಣಿನ ಬಿಳಿಯ ಭಾಗದಲ್ಲಿ ಕೆಂಪು ಗೆರೆಗಳು ಕಾಣಿಸಿಕೊಂಡವು. ತುರಿಕೆಯಿಲ್ಲ, ಪಿಚ್ಚಿಲ್ಲ, ನೋವಿಲ್ಲ. ಎರಡು ತಿಂಗಳು ಹನಿ ಔಷಧಿ ಹಾಕಿದರೂ ಕೆಂಪು ಕರಗಲಿಲ್ಲ. ಬಂಧುಗಳಲ್ಲಿ ಕೆಲವರು ದೃಷ್ಟಿ ತಗಲಿದೆಯೆಂದರು, ಕೆಲವರು ಮೊಬೈಲ್ ನೋಡಿದ ಪರಿಣಾಮವೆಂದರು.

ಬಳಿಕ ನೇತ್ರತಜ್ಞೆಯೊಬ್ಬರು ಅವಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಕೆಂಪು ಗೆರೆಗಳು ಉರಿಯೂತದ್ದಲ್ಲ, ಸುರುಳಿ ಸುತ್ತಿಕೊಂಡ ರಕ್ತನಾಳಗಳೆಂದು ಅವರು ಗುರುತಿಸಿದರು. ಅನಂತರ ತಮ್ಮ ಎರಡು ಕೈಗಳಲ್ಲಿ ಎರಡು ಬಣ್ಣದ ಲೇಖನಿಗಳನ್ನು ಹಿಡಿದು, ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವಂತೆ ಮಗುವಿಗೆ ಹೇಳಿದರು. ಮಗುವಿನ ಕಣ್ಣು ಕೂಡಲೇ ಚಲಿಸಲಿಲ್ಲ. ಮೊದಲು ರೆಪ್ಪೆ ಮಿಟುಕಿತು, ತಲೆ ಆ ಕಡೆಗೆ ಸರ್ರನೆ ತಿರುಗಿತು, ಕೊನೆಗೆ ಕಣ್ಣು ತಲೆಯನ್ನು ಹಿಂಬಾಲಿಸಿತು. ಇದನ್ನು ಕಂಡ ಅವರು ಕೇಳಿದ ಪ್ರಶ್ನೆ ಕಣ್ಣಿನ ಬಗ್ಗೆ ಆಗಿರಲಿಲ್ಲ. "ಮಗು ಹೇಗೆ ನಡೆಯುತ್ತದೆ? ಸ್ವಲ್ಪ ನಡೆಸಿ ತೋರಿಸುವಿರಾ?" ಎಂದು ಕೇಳಿದರು. ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತಪರೀಕ್ಷೆಗೆ ಬರೆದುಕೊಟ್ಟು ನರರೋಗ ತಜ್ಞರ ಬಳಿಗೆ ಕಳುಹಿಸಿದರು. ಎ.ಟಿ. ಇರುವ ಬಹುತೇಕ ಮಕ್ಕಳ ರಕ್ತದಲ್ಲಿ ಈ ಅಂಶ ಹೆಚ್ಚಿರುತ್ತದೆ. ಮಗಳ ರಕ್ತದಲ್ಲಿಯೂ ಹೆಚ್ಚಿತ್ತು. ಜೀನ್ ಪರೀಕ್ಷೆಯು ಅದನ್ನು ದೃಢಪಡಿಸಿತು.

ಈ ಕಾಯಿಲೆ ಹೊಸದೇನಲ್ಲ. 1926ರಲ್ಲಿ ಪ್ರಾಗ್ ನಗರದ ಇಬ್ಬರು ವೈದ್ಯರು ಒಂದೇ ಮನೆಯ ಮೂವರು ಮಕ್ಕಳಲ್ಲಿ ಇದನ್ನು ಕಂಡು ಬರೆದಿದ್ದರು. 1941ರಲ್ಲಿ ಬೆಲ್ಜಿಯಮ್‌ನ ಡೆನಿಸ್ ಲೂಯಿ ಬಾರ್ ಎಂಬ ವೈದ್ಯೆ ಮಗುವೊಂದರ ಕಣ್ಣಿನ ಕೆಂಪುನಾಳಗಳನ್ನೂ ಓಲಾಟವನ್ನೂ ವಿವರಿಸಿದರು. ಇದಕ್ಕೆ ಕಾರಣವಾದ ಜೀನ್ ಪತ್ತೆಯಾದದ್ದು 1995ರಲ್ಲಿ. ಆ ಜೀನಿನ ಹೆಸರು ಎಟಿಎಂ. ನಮ್ಮ ಜೀವಕೋಶಗಳೊಳಗಿನ ಡಿಎನ್ಎ ಎಳೆ ಎಲ್ಲಿಯಾದರೂ ತುಂಡಾದರೆ ಕೂಡಲೇ ಎಚ್ಚರಿಕೆ ನೀಡಿ ದುರಸ್ತಿಗೆ ಕರೆಯುವ ಕಾವಲುಗಾರನ ಕೆಲಸ ಅದರದ್ದು. ಕಾವಲುಗಾರನಿಲ್ಲದ ಮನೆಯಂತೆ, ಈ ಜೀನ್ ಕೆಟ್ಟ ಮಗುವಿನ ದೇಹದಲ್ಲಿ ಹಾನಿಗಳು ದುರಸ್ತಿಯಾಗದೆ ಉಳಿಯುತ್ತವೆ. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನ ನರಕೋಶಗಳು ಕ್ರಮೇಣ ನಶಿಸುತ್ತವೆ. ಕೈ, ಕಾಲು, ನಾಲಿಗೆ ಮತ್ತು ಕಣ್ಣುಗಳ ಚಲನೆಯನ್ನು ಅಳೆದು ತೂಗಿ ನಡೆಸುವುದು ಇದೇ ಕಿರುಮೆದುಳು.

ಇಲ್ಲಿ ಅರಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಈ ಮಕ್ಕಳಿಗೆ ದೃಷ್ಟಿ ಮಂದವಾಗಿರುವುದಿಲ್ಲ. ಗೋಡೆಯ ಮೇಲಿನ ಅಕ್ಷರಗಳ ಫಲಕದಲ್ಲಿ ನಮ್ಮ ಮಗಳು ಕೊನೆಯ ಸಾಲನ್ನೂ ಓದುತ್ತಾಳೆ. ಅವಳಿಗೆ ಕಷ್ಟವಾಗಿರುವುದು ಕಣ್ಣನ್ನು ಬೇಕೆಂದ ಕಡೆಗೆ ಒಯ್ಯುವುದು. ನಾವು ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುತ್ತದೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಒಂದು ಸೆಕೆಂಡಿಗೆ ಮೂರು ನಾಲ್ಕು ಸಲ ಪುಟ್ಟ ಪುಟ್ಟ ನೆಗೆತಗಳನ್ನು ಮಾಡುತ್ತದೆ. ಎ.ಟಿ. ಇರುವ ಮಗುವಿನಲ್ಲಿ ಈ ನೆಗೆತ ತಡವಾಗಿ ಆರಂಭವಾಗುತ್ತದೆ, ಗುರಿ ಮುಟ್ಟುವ ಮೊದಲೇ ನಿಲ್ಲುತ್ತದೆ. ಪದವನ್ನು ಹಿಡಿದರೂ ಮುಂದಿನ ಪದ ತಪ್ಪಿಹೋಗುತ್ತದೆ. ಸಾಲಿನ ಕೊನೆಯಿಂದ ಮುಂದಿನ ಸಾಲಿನ ಆರಂಭಕ್ಕೆ ಬರುವುದಂತೂ ಬಹುದೊಡ್ಡ ಜಿಗಿತ. ಕನ್ನಡಕದಿಂದ ಇದು ಸರಿಹೋಗುವುದಿಲ್ಲ.

ಇದರ ಪರಿಣಾಮ ಎಲ್ಲರಿಗಿಂತ ಮೊದಲು ಅರಿವಿಗೆ ಬಂದದ್ದು ಮದ್ರಸದಲ್ಲಿ. ಮಗಳು ಒಂದೇ ಆಯತ್ತನ್ನು ಎರಡು ಬಾರಿ ಓದುತ್ತಿದ್ದಳು, ಕೆಲವೊಮ್ಮೆ ಒಂದು ಸಾಲನ್ನೇ ಬಿಟ್ಟುಬಿಡುತ್ತಿದ್ದಳು. ಓದುವಾಗ ತಲೆ ಅಲುಗುತ್ತಿತ್ತು. ಗಮನವಿಲ್ಲದೆ ಆಟವಾಡುತ್ತಿದ್ದಾಳೆಂದು ನೋಡುವವರಿಗೆ ಅನಿಸುವುದು ಸಹಜ. ವರದಿ ಕೈಗೆ ಬಂದ ಬಳಿಕ ನಾವು ಉಸ್ತಾದರನ್ನು ಭೇಟಿಯಾಗಿ ಎಲ್ಲವನ್ನೂ ವಿವರಿಸಿದೆವು. ಅವರು ಸ್ವಲ್ಪ ಹೊತ್ತು ಮೌನವಾಗಿದ್ದರು. ಅನಂತರ, ಕುರ್‌ಆನನ್ನು ಸರಾಗವಾಗಿ ಓದುವವನ ಶ್ರೇಷ್ಠತೆಯನ್ನು ತಿಳಿಸಿದ ಪ್ರವಾದಿವರ್ಯರು(ಸ), ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದೂ ಕಲಿಸಿರುವುದನ್ನು ನೆನಪಿಸಿದರು. ಆ ಮಾತನ್ನು ಅವರು ತರಗತಿಯಲ್ಲಿ ಎಲ್ಲ ಮಕ್ಕಳೆದುರೂ ಹೇಳಿದರು. ಅಂದಿನಿಂದ ಮಗಳನ್ನು ಅಣಕಿಸುವುದು ನಿಂತಿತು.

ಆಮೇಲೆ ಕಂಡುಕೊಂಡ ಉಪಾಯಗಳು ಸರಳವಾದವು. ದೊಡ್ಡ ಅಕ್ಷರದ, ಸಾಲುಗಳ ನಡುವೆ ಹೆಚ್ಚು ಅಂತರವಿರುವ ಮುಸ್‌ಹಫ್ ತಂದೆವು. ದಪ್ಪ ಕಾಗದದಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕಿಂಡಿ ಕತ್ತರಿಸಿ, ಅದನ್ನು ಪುಟದ ಮೇಲೆ ಸರಿಸುತ್ತಾ ಓದಿಸಿದೆವು. ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿಡುವ ಬದಲು ಓರೆ ಹಲಗೆಯ ಮೇಲೆ ಮುಖದೆದುರು ಇಟ್ಟೆವು. ತಲೆ ತಿರುಗಿಸಬೇಡವೆಂದು ಗದರುವುದು ಬೇಡವೆಂದು ವೈದ್ಯರು ತಿಳಿಸಿದ್ದರು. ಏಕೆಂದರೆ ಆ ತಿರುವು ದುರಭ್ಯಾಸವಲ್ಲ, ಕಣ್ಣನ್ನು ಗುರಿಯೆಡೆಗೆ ಒಯ್ಯಲು ಮಗು ತಾನೇ ಕಂಡುಕೊಂಡ ದಾರಿ. ಕಂಠಪಾಠಕ್ಕೆ ಕಿವಿಯನ್ನೇ ನೆಚ್ಚಿಕೊಂಡೆವು. ಕುರ್‌ಆನ್ ಮೊದಲ ತಲೆಮಾರಿಗೆ ತಲುಪಿದ್ದು ಮುದ್ರಿತ ಪುಟಗಳ ಮೂಲಕವಲ್ಲ, ಕೇಳಿಸಿಕೊಂಡ ಕಿವಿಗಳು ಮತ್ತು ಕಾಪಿಟ್ಟ ಹೃದಯಗಳ ಮೂಲಕ. ಆ ಹಳೆಯ ಮಾರ್ಗವು ನಮ್ಮ ಮಗಳಿಗೆ ಇಂದಿಗೂ ತೆರೆದೇ ಇದೆ. ಈಗ ಅವಳ ಮಾತು ನಿಧಾನವಾಗಿದೆ, ಗಾಲಿಕುರ್ಚಿಯ ಅಗತ್ಯವೂ ಬಂದಿದೆ. ಆದರೂ ಕುಳಿತೇ ನಮಾಝ್ ನಿರ್ವಹಿಸುತ್ತಾ, ಕಂಠಪಾಠವಾದ ಅಧ್ಯಾಯಗಳನ್ನು ಓದುತ್ತಾಳೆ.

ಗುಣಪಡಿಸುವ ಔಷಧಿಯೇ ಇಲ್ಲದ ಕಾಯಿಲೆಗೆ ಹೆಸರು ಹುಡುಕಿ ಏನು ಪ್ರಯೋಜನವೆಂದು ನಮ್ಮನ್ನು ಕೇಳಿದವರಿದ್ದಾರೆ. ಪ್ರಯೋಜನವಿದೆ. ಎ.ಟಿ. ಇರುವವರ ದೇಹಕ್ಕೆ ವಿಕಿರಣವು ಇತರರಿಗಿಂತ ಹೆಚ್ಚು ಅಪಾಯಕಾರಿ. ಆದ್ದರಿಂದ ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್‌ಗಳನ್ನು ತೀರಾ ಅಗತ್ಯವಿದ್ದಾಗ ಮಾತ್ರ ಮಾಡಿಸಬೇಕೆಂದು ಮಗಳ ಕಡತದ ಮೊದಲ ಪುಟದಲ್ಲಿಯೇ ಬರೆಯಲಾಗಿದೆ. ಇಂತಹ ಅನೇಕ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಿರುವುದರಿಂದ ಶ್ವಾಸಕೋಶದ ಸೋಂಕುಗಳು ಮರುಕಳಿಸುತ್ತವೆ. ಅದನ್ನು ತಿಳಿದ ವೈದ್ಯರು ಕೆಮ್ಮನ್ನು ಹಗುರವಾಗಿ ಕಾಣುವುದಿಲ್ಲ. ರಕ್ತದ ಕ್ಯಾನ್ಸರಿನ ಸಾಧ್ಯತೆ ಹೆಚ್ಚಿರುವುದರಿಂದ ಬಿಡದ ಜ್ವರ, ಗಡ್ಡೆ, ತೂಕ ಇಳಿಕೆಗಳ ಮೇಲೆ ನಿಗಾ ಇರುತ್ತದೆ. ನುಂಗುವಾಗ ಆಹಾರ ಶ್ವಾಸನಾಳಕ್ಕೆ ಹೋಗದಂತೆ ಉಣಿಸುವ ಕ್ರಮವನ್ನು ಕಲಿಸಲಾಗುತ್ತದೆ. ಇನ್ನೂ ಒಂದು ಸಂಗತಿಯಿದೆ. ಇಂತಹ ಮಗುವಿನ ತಾಯಿಯಲ್ಲಿ ಕೆಟ್ಟ ಜೀನಿನ ಒಂದು ಪ್ರತಿಯಿರುತ್ತದೆ. ಅವಳು ಆರೋಗ್ಯವಾಗಿಯೇ ಇದ್ದರೂ ಸ್ತನ ಕ್ಯಾನ್ಸರಿನ ಅಪಾಯ ಅವಳಿಗೆ ಇತರ ಮಹಿಳೆಯರಿಗಿಂತ ಹೆಚ್ಚು. ಆ ಎಚ್ಚರಿಕೆಯ ಫಲವಾಗಿ ನಮ್ಮ ಮನೆಯ ತಾಯಿಯೂ ಇಂದು ಕ್ರಮಬದ್ಧ ತಪಾಸಣೆಯಲ್ಲಿದ್ದಾಳೆ. ಮಗಳ ಕಣ್ಣು ನುಡಿದ ಸಾಕ್ಷ್ಯವು ತಾಯಿಯ ಕಾವಲಿಗೂ ಒದಗಿತು.

ಕಣ್ಣಿನ ಮೂಲಕ ಸುಳಿವು ನೀಡುವ ಕಾಯಿಲೆ ಇದೊಂದೇ ಅಲ್ಲ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯೂ ಇದೆ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರದ ಅಂಶ ದೇಹದಿಂದ ಹೊರಹೋಗದೆ ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ ಶೇಖರಗೊಳ್ಳುತ್ತದೆ. ಕಣ್ಣಿನ ಕರಿಯ ಭಾಗದ ಅಂಚಿನಲ್ಲಿ ಕಂದು ಹಸಿರು ಉಂಗುರವಾಗಿಯೂ ಅದು ಕಾಣಿಸಬಹುದು. ಬೇಗನೆ ಗುರುತಿಸಿ ಔಷಧಿ ಆರಂಭಿಸಿದರೆ ಆ ಮಗು ಬಹುತೇಕ ಎಲ್ಲರಂತೆ ಬಾಳಬಲ್ಲದು. ನೀಮನ್ ಪಿಕ್ ಸಿ ಎಂಬ ಕಾಯಿಲೆಯಲ್ಲಿ ಕಣ್ಣನ್ನು ಮೇಲಕ್ಕೆ, ಕೆಳಕ್ಕೆ ವೇಗವಾಗಿ ಹೊರಳಿಸಲು ಕಷ್ಟವಾಗುತ್ತದೆ. ಮೆಟ್ಟಿಲಿಳಿಯುವಾಗ ಮಗು ಎಡವುವುದು ಅದರ ಸುಳಿವಾಗಿರಬಹುದು. ಕೊಬ್ಬಿಗೆ ಸಂಬಂಧಿಸಿದ ಮತ್ತೊಂದು ಅಪರೂಪದ ಕಾಯಿಲೆಯಲ್ಲಿ ಎಳೆಯ ವಯಸ್ಸಿನಲ್ಲಿಯೇ ಕಣ್ಣಿನ ಪೊರೆ ಬರುತ್ತದೆ. ಅದರೊಂದಿಗೆ ದೀರ್ಘಕಾಲದ ಭೇದಿಯೂ ಇದ್ದರೆ ವೈದ್ಯರು ಆ ದಿಕ್ಕಿನಲ್ಲಿ ಯೋಚಿಸುತ್ತಾರೆ. ಅದಕ್ಕೂ ಔಷಧಿಯಿದೆ. ಬ್ಯಾಟನ್ ಕಾಯಿಲೆಯ ಒಂದು ಬಗೆಯಲ್ಲಿ ನಾಲ್ಕರಿಂದ ಏಳು ವರ್ಷದ ಮಗುವಿಗೆ ಮೊದಲು ದೃಷ್ಟಿ ಮಸುಕಾಗುತ್ತದೆ, ಅಪಸ್ಮಾರ ಬರುವುದು ಬಳಿಕ. ಆದ್ದರಿಂದ ಕಾರಣ ತಿಳಿಯದೆ ಕಣ್ಣು ಅಲುಗುವುದು, ಹೊಸದಾಗಿ ಮೆಳ್ಳೆಗಣ್ಣಾಗುವುದು, ಔಷಧಿಗೆ ಕರಗದ ಕೆಂಪು, ಕನ್ನಡಕಕ್ಕೆ ಸರಿಹೋಗದ ಮಸುಕು ಇವು ಕಂಡಾಗ, ಜೊತೆಗೆ ನಡಿಗೆಯಲ್ಲಿಯೋ ಮಾತಿನಲ್ಲಿಯೋ ಕಲಿಕೆಯಲ್ಲಿಯೋ ಹಿನ್ನಡೆಯಿದ್ದರೆ, ಎರಡನ್ನೂ ಒಬ್ಬರೇ ವೈದ್ಯರ ಮುಂದೆ ಒಟ್ಟಾಗಿ ಹೇಳಬೇಕು. ಕಣ್ಣಿನ ವೈದ್ಯರಲ್ಲಿ ಕಣ್ಣಿನದನ್ನು ಮಾತ್ರ, ನರರೋಗ ತಜ್ಞರಲ್ಲಿ ನಡಿಗೆಯದನ್ನು ಮಾತ್ರ ಹೇಳಿದರೆ ಸಾಕ್ಷ್ಯವು ಅರ್ಧವಾಗುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತಿಗೆ ಬರೋಣ. ಮಗಳ ತಂದೆ ತಾಯಿಯಾದ ನಾವಿಬ್ಬರೂ ಸೋದರತ್ತೆ ಸೋದರಮಾವನ ಮಕ್ಕಳು. ಎ.ಟಿ. ಬರಬೇಕಾದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ದೊರೆಯಬೇಕು. ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು ಮದುವೆಯಾದಾಗ ಒಂದೇ ದೋಷದ ಎರಡು ಪ್ರತಿಗಳು ಸಂಧಿಸುವ ಸಾಧ್ಯತೆ ಹೆಚ್ಚುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಶಿಶುಗಳ ಕುರಿತು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು, ಜನ್ಮದೋಷಗಳ ಸಾಧ್ಯತೆ ಶೇಕಡಾ 3ರಷ್ಟಿರುವುದು ಇಂತಹ ವಿವಾಹಗಳಲ್ಲಿ ಶೇಕಡಾ 6ರಷ್ಟಾಗುತ್ತದೆಂದು ತಿಳಿಸಿತು. ಇದರರ್ಥ ನೂರರಲ್ಲಿ ತೊಂಬತ್ತನಾಲ್ಕು ಶಿಶುಗಳಲ್ಲಿ ಅಂತಹ ದೋಷವಿರುವುದಿಲ್ಲ. ಆದ್ದರಿಂದ ಭಯ ಹುಟ್ಟಿಸುವುದೂ ಸರಿಯಲ್ಲ, ಅಪಾಯವೇ ಇಲ್ಲವೆನ್ನುವುದೂ ಸರಿಯಲ್ಲ. ಸಂಬಂಧಿಕರಲ್ಲದ ದಂಪತಿಗಳ ಮಕ್ಕಳಿಗೂ ಈ ಕಾಯಿಲೆಗಳು ಬರುತ್ತವೆ. ಇಸ್ಲಾಮ್ ಇಂತಹ ವಿವಾಹಕ್ಕೆ ಅನುಮತಿ ನೀಡಿದೆಯೇ ಹೊರತು ಅದನ್ನು ಕಡ್ಡಾಯಗೊಳಿಸಿಲ್ಲ. ಅನುಮತಿಯಿರುವ ಕಾರ್ಯವನ್ನು ಅರಿವಿನಿಂದ ಮಾಡುವುದು ವಿವೇಕ. ಸೌದಿ ಅರೇಬಿಯಾದಲ್ಲಿ 2004ರಿಂದ ನಿಕಾಹ್‌ಗೆ ಮುನ್ನ ವಧೂವರರಿಗೆ ಕುಡುಗೋಲು ಕಣ ರಕ್ತಹೀನತೆ ಮತ್ತು ತಲಸ್ಸೇಮಿಯಾ ಪರೀಕ್ಷೆಯನ್ನು ಕಡ್ಡಾಯಗೊಳಿಸಲಾಗಿದೆ. ಪರೀಕ್ಷೆಯ ಬಳಿಕ ಮದುವೆಯಾಗುವ, ಬಿಡುವ ತೀರ್ಮಾನ ಅವರದ್ದೇ.

ನಮ್ಮ ಕುಟುಂಬದಲ್ಲಿ ಈ ಪ್ರಶ್ನೆ ಬಹುಬೇಗನೆ ಎದುರಾಯಿತು. ಮಗಳ ಚಿಕ್ಕಪ್ಪನಿಗೂ ಅವಳ ದೊಡ್ಡಮ್ಮನ ಮಗಳಿಗೂ ವಿವಾಹ ನಿಶ್ಚಯದ ಮಾತುಕತೆ ನಡೆಯುತ್ತಿತ್ತು. ಮನೆಯ ಹಿರಿಯರು ನಮ್ಮನ್ನು ಕರೆದು, ಶುಭಕಾರ್ಯ ಮುಗಿಯುವವರೆಗೆ ಕಾಯಿಲೆಯ ವಿಚಾರ ಎತ್ತಬಾರದೆಂದು ಕೇಳಿಕೊಂಡರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಮನೆತನದಲ್ಲಿ ರೋಗವಿದೆಯೆಂಬ ಮಾತು ಹರಡಿದರೆ ಉಳಿದ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಆತಂಕ ಅವರದ್ದು. ನಾವು ಎರಡು ರಾತ್ರಿ ಈ ಬಗ್ಗೆ ಚರ್ಚಿಸಿದೆವು. ಅಲ್‌ಬಕರಃ ಅಧ್ಯಾಯದಲ್ಲಿ ಸಾಲದ ವ್ಯವಹಾರವನ್ನು ವಿವರಿಸುತ್ತಾ, ಸಾಕ್ಷ್ಯವನ್ನು ಮುಚ್ಚಿಡಬಾರದು, ಮುಚ್ಚಿಡುವವನ ಹೃದಯವು ಪಾಪಗ್ರಸ್ತವೆಂದು ಅಲ್ಲಾಹನು ಎಚ್ಚರಿಸಿದ್ದಾನೆ. ಹಣದ ವಿಷಯದಲ್ಲಿಯೇ ಹೀಗಾದರೆ, ಇನ್ನೂ ಹುಟ್ಟದ ಮಗುವಿನ ಬದುಕಿನ ವಿಷಯದಲ್ಲಿ ಮೌನವಹಿಸುವುದು ಹೇಗೆ? ನಾವು ಹಿರಿಯರಿಗೆ ಗೌರವಪೂರ್ವಕವಾಗಿ ನಮ್ಮ ತೀರ್ಮಾನ ತಿಳಿಸಿ, ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ವರದಿಯನ್ನು ಮುಂದಿಟ್ಟೆವು. ಕೆಲವು ವಾರ ನಮ್ಮೊಂದಿಗೆ ಮಾತು ಬಿಟ್ಟವರಿದ್ದರು. ಹುಡುಗ ಮತ್ತು ಹುಡುಗಿ ಇಬ್ಬರೂ ಪರೀಕ್ಷೆಗೆ ಒಪ್ಪಿದರು. ಹುಡುಗ ವಾಹಕ, ಹುಡುಗಿ ಅಲ್ಲವೆಂದು ತಿಳಿದುಬಂತು. ಹಾಗಿದ್ದಲ್ಲಿ ಅವರ ಮಕ್ಕಳಿಗೆ ಈ ಕಾಯಿಲೆಯ ಭಯವಿಲ್ಲವೆಂದು ಸಲಹೆಗಾರರು ವಿವರಿಸಿದರು. ನಿಕಾಹ್ ನಡೆಯಿತು. ಫಲಿತಾಂಶ ಬೇರೆಯಾಗಿದ್ದರೆ ಏನಾಗುತ್ತಿತ್ತೆಂಬುದು ಅಲ್ಲಾಹನಿಗೆ ಗೊತ್ತು. ಆಗಲೂ ಆ ತೀರ್ಮಾನವನ್ನು ಕಣ್ಣು ತೆರೆದು ಕೈಗೊಳ್ಳುವ ಹಕ್ಕು ಆ ಇಬ್ಬರಿಗೆ ಇತ್ತು.

ಇದು ವಿಧಿಯ ಮೇಲಿನ ವಿಶ್ವಾಸಕ್ಕೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಏಳಬಹುದು. ಸಿರಿಯಾದೆಡೆಗೆ ಹೊರಟಿದ್ದ ಹಝ್ರತ್ ಉಮರ್(ರ), ಅಲ್ಲಿ ಸಾಂಕ್ರಾಮಿಕ ರೋಗ ಹರಡಿರುವುದನ್ನು ಕೇಳಿ ತಮ್ಮ ತಂಡದೊಂದಿಗೆ ಹಿಂದಿರುಗಿದಾಗ, ಅಬೂ ಉಬೈದಾ(ರ) ಇದೇ ಪ್ರಶ್ನೆಯನ್ನು ಕೇಳಿದ್ದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ತಾವು ಸಾಗುತ್ತಿರುವುದಾಗಿ ಉಮರ್(ರ) ಉತ್ತರಿಸಿದ್ದರು. ಚಿಕಿತ್ಸೆ ಪಡೆಯುವಂತೆ ಪ್ರವಾದಿ(ಸ) ಅಲ್ಲಾಹನ ದಾಸರಿಗೆ ಆದೇಶಿಸಿದ್ದಾರೆ. ದೃಷ್ಟಿ ತಗಲುವುದು ಸತ್ಯವೆಂದೂ ಅವರೇ ಕಲಿಸಿದ್ದಾರೆ. ಆದ್ದರಿಂದ ನಾವು ಮಗಳ ಮೇಲೆ ಕುರ್‌ಆನ್ ಓದಿ ಊದುವುದನ್ನು ಬಿಟ್ಟಿಲ್ಲ, ಆಸ್ಪತ್ರೆಯನ್ನೂ ಬಿಟ್ಟಿಲ್ಲ. ಒಂದರ ನೆಪದಲ್ಲಿ ಇನ್ನೊಂದನ್ನು ತೊರೆಯುವುದನ್ನು ಧರ್ಮ ನಮಗೆ ಕಲಿಸಿಲ್ಲ. ಸಹನೆಯೆಂದರೆ ಕೈಕಟ್ಟಿ ಕೂರುವುದಲ್ಲ. ಮಾಡಬೇಕಾದುದನ್ನೆಲ್ಲ ಮಾಡಿದ ಮೇಲೆಯೂ ಕೈಮೀರಿ ಉಳಿಯುವ ನೋವನ್ನು ದೂರಿಲ್ಲದೆ ಹೊರುವುದು ಸಹನೆ. ಆ ಭಾಗ ಸಣ್ಣದೇನಲ್ಲ. ಕಾಯಿಲೆ ಮುಂದುವರಿಯುತ್ತದೆಂಬ ಅರಿವಿನೊಂದಿಗೆ ಪ್ರತಿದಿನ ಮಗಳ ನಗುವನ್ನು ನೋಡುವುದು ಸುಲಭವಲ್ಲ.

ಇಂತಹ ಮನೆಗಳು ನಮ್ಮ ಜಮಾಅತ್‌ಗಳಲ್ಲಿ ಇವೆ. ತಾಯಿಯ ಮೇಲೆ ದೋಷ ಹೊರಿಸುವ ಮಾತುಗಳು ಅಲ್ಲಿಗೆ ತಲುಪದಿರಲಿ. ಜೀನಿನ ಪ್ರತಿಗಳು ತಂದೆ ತಾಯಿ ಇಬ್ಬರಿಂದಲೂ ಬಂದವು, ಇಬ್ಬರೂ ಅದನ್ನು ಆರಿಸಿಕೊಂಡವರಲ್ಲ. ಮದ್ರಸಗಳಲ್ಲಿ ದೊಡ್ಡ ಅಕ್ಷರದ ಪಠ್ಯ, ಮಸೀದಿಯ ಬಾಗಿಲಲ್ಲಿ ಗಾಲಿಕುರ್ಚಿ ಏರುವ ಇಳಿಜಾರು, ಉಸ್ತಾದರಿಗೆ ಇಂತಹ ಮಕ್ಕಳ ಬಗ್ಗೆ ಸ್ವಲ್ಪ ತಿಳುವಳಿಕೆ ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ದೀರ್ಘಕಾಲೀನ ನರಸಂಬಂಧಿ ಕಾಯಿಲೆಗಳೂ ಇವೆ. ಅದರ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಬರಹಗಾರರ ನೆರವು ಹಾಗೂ ಹೆಚ್ಚುವರಿ ಸಮಯವನ್ನು ಕೋರಬಹುದು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಗಳನ್ನು ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಲಾಗಿದೆ. ದಾರಿ ಕಾಣದ ಹೆತ್ತವರಿಗೆ ಈ ಮಾಹಿತಿಯನ್ನು ತಲುಪಿಸುವುದೂ ಒಂದು ದಾನ.

ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಕುರೈಶ್ ಮುಖಂಡರೊಂದಿಗೆ ಪ್ರವಾದಿವರ್ಯರು(ಸ) ಮಾತುಕತೆಯಲ್ಲಿದ್ದಾಗ ಅವರು ಕಲಿಯಲು ಬಂದರು. ಅವರಿಗೆ ಮೊದಲ ಸ್ಥಾನ ಸಲ್ಲಬೇಕೆಂದು ಅಬಸ ಅಧ್ಯಾಯವು ಅವತೀರ್ಣವಾಯಿತು. ಮುಂದೆ ಅವರು ಪ್ರವಾದಿ(ಸ)ಯವರ ಮಸೀದಿಯಲ್ಲಿ ಅಝಾನ್ ನೀಡಿದರು. ಪ್ರವಾದಿ(ಸ) ಮದೀನಾದಿಂದ ಹೊರಗೆ ಹೋದಾಗ ನಗರದ ಹೊಣೆಯನ್ನು ಅವರಿಗೆ ವಹಿಸಿದ ಸಂದರ್ಭಗಳೂ ಇವೆ. ಕಲಿಯಲು ಬಂದ ಮಗುವಿನ ಕಣ್ಣು ಸಾಲು ತಪ್ಪಿದರೆ, ಆ ಮಗುವಿಗೆ ಹಿಂದಿನ ಸಾಲಿನ ಸ್ಥಾನ ತೋರಿಸುವ ಹಕ್ಕು ನಮಗೆಲ್ಲಿದೆ?

ಸತ್ಯವಿಶ್ವಾಸಿಗಳು ಒಬ್ಬ ವ್ಯಕ್ತಿಯಂತೆ, ಅವನ ಕಣ್ಣು ನೊಂದರೆ ಇಡೀ ದೇಹ ನೋಯುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಕ್ಕಳ ಕಣ್ಣು ನುಡಿಯುವ ಸಾಕ್ಷ್ಯವನ್ನು ಸಕಾಲದಲ್ಲಿ ಆಲಿಸುವ ವಿವೇಕವನ್ನು, ಅದನ್ನು ಮುಚ್ಚಿಡದೆ ತಿಳಿಸುವ ಧೈರ್ಯವನ್ನು, ಕೈಮೀರಿದ್ದನ್ನು ಹೊರುವ ಸಹನೆಯನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಕಾಯಿಲೆಯಿಂದ ಬಳಲುತ್ತಿರುವ ಎಲ್ಲ ಮಕ್ಕಳಿಗೂ ಅವನು ಶಮನ ನೀಡಲಿ, ಅವರ ಹೆತ್ತವರ ಹೃದಯಗಳಿಗೆ ನೆಮ್ಮದಿ ಕರುಣಿಸಲಿ. ಆಮೀನ್.